ಪದ್ಮಯ್ಯ ಗೌಡನ ಬಾಯಿ

ಗುತ್ತಿಗಾರಿನ ಪದ್ಮಯ್ಯ ಗೌಡನ ಎಡಗೆನ್ನೆಯ ಒಳಗೆ ಗಂಟು ಎದ್ದದ್ದು ಐವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ. ಮೀಸೆ ಮೂಡಿದಂದಿನಿಂದ ಅವನು ಹೊಗೆಸೊಪ್ಪಿನ ಉಂಡೆಯನ್ನು ಒತ್ತರಿಸಿ ಇಡುತ್ತಿದ್ದ ಜಾಗವದು. ಮೊದಲು ನಾಲಿಗೆಗೆ ಒಂದು ಕಾಳು ತಾಗಿದ ಹಾಗೆ ಆಯಿತು. ಅಕ್ಕಿಯ ಕಲ್ಲು ಸಿಕ್ಕಿಕೊಂಡಿದೆ ಅಂದುಕೊಂಡು ಅನ್ನ ಬೇಯಿಸಿದ ಹೆಂಡತಿಗೆ ಬೈದ. ಮರುದಿನವೂ ಕಲ್ಲು ಅಲ್ಲೇ ಇತ್ತು. ಮರುದಿನವೂ ಬೈದ.

ಪದ್ಮಯ್ಯನಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಬಾಯಿಯಿಂದ ಬಂದದ್ದು. ಅವನಿಗಿಂತ ಹೆಚ್ಚು ಗದ್ದೆ ಇದ್ದವರು ಗುತ್ತಿಗಾರಿನಲ್ಲಿ ಬೇಕಾದಷ್ಟು ಜನ ಇದ್ದರು. ಅವನಿಗಿಂತ ಚೆನ್ನಾಗಿ ಬೇಸಾಯ ಮಾಡುವವರು ಊರಿನ ಎಲ್ಲರೂ. ಅಕ್ಷರವೆಂದರೆ ಹೆಸರು ಗೀಚುವಷ್ಟೇ. ಆದರೆ ನಾಲ್ಕು ಜನರ ಮುಂದೆ ಒಬ್ಬನನ್ನು ನೆಲಕ್ಕೆ ಒರಸಿಬಿಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಕುಂಟನ ಎದುರೇ ಕುಂಟಿ ತೋರಿಸುತ್ತಿದ್ದ. ಮದುವೆ ಚಪ್ಪರದಲ್ಲಿ ಮದುಮಗಳ ಬಣ್ಣ ನೋಡಿ, "ಒಂದು ದೀಪ ಹಚ್ಚಿ ಮಾರಾಯ್ರೆ, ಹೆಣ್ಣು ಎಲ್ಲುಂಟು ಅಂತ ಕಾಣ್ಬೇಕಲ್ಲ" ಅನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಈ ಸಲ ತಮ್ಮ ಸರದಿ ಅಲ್ಲವಲ್ಲ ಎಂಬ ನೆಮ್ಮದಿಯೇ ಆ ನಗೆಯಲ್ಲಿ ಹೆಚ್ಚಿರುತ್ತಿತ್ತು. ಊರಿನ ಜಗಳಗಳಿಗೆ ಅವನನ್ನು ಕರೆಯುತ್ತಿದ್ದದ್ದೂ ಅವನಲ್ಲಿ ನ್ಯಾಯ ಸಿಗುತ್ತದೆಂದು ಅಲ್ಲ. ತಾವು ಕರೆಯದಿದ್ದರೆ ಎದುರಾಳಿ ಕರೆದುಬಿಡುತ್ತಾನೆ ಎಂದು.

ಹೆಂಡತಿ ಪೂವಮ್ಮ ಈ ಬಾಯಿಯ ಜೊತೆ ಇಪ್ಪತ್ತೈದು ವರ್ಷ ಬದುಕಿದ್ದಳು. ಅವಳನ್ನು ಅವನು ಹೆಸರು ಹಿಡಿದು ಕರೆದದ್ದು ಕಡಿಮೆ. ಮನೆಯಲ್ಲಿ "ಕೊರಡು" ಅನ್ನುತ್ತಿದ್ದ. ನೆಂಟರು ಬಂದಾಗ "ನಮ್ಮ ಬಂಜೆ" ಅನ್ನುತ್ತಿದ್ದ. ಅವಳು ತಿರುಗಿ ಮಾತಾಡುವವಳಲ್ಲ. ಅದನ್ನು ಅವನು ಹೆದರಿಕೆ ಎಂದು ತಿಳಿದಿದ್ದ. ಮೊದಲ ಕೆಲವು ವರ್ಷ ಹೆದರಿಕೆ ಇದ್ದದ್ದು ಹೌದು. ಆಮೇಲೆ ಅದು ಸವೆದುಹೋಗಿ, ಬೇಲಿಯಾಚೆ ಬೊಗಳುವ ನಾಯಿಗೆ ಯಾರೂ ಉತ್ತರ ಕೊಡುವುದಿಲ್ಲವಲ್ಲ, ಆ ತರದ ಮೌನ ಉಳಿದಿತ್ತು. ಈ ವ್ಯತ್ಯಾಸ ತಿಳಿಯುವಷ್ಟು ಸೂಕ್ಷ್ಮ ಪದ್ಮಯ್ಯನಲ್ಲಿ ಇರಲಿಲ್ಲ.

ನವರಾತ್ರಿಯ ಹೊತ್ತಿಗೆ ಗಂಟು ನೆಲ್ಲಿಕಾಯಿಯಷ್ಟಾಯಿತು. ಎಡಗಡೆ ಅಗಿಯಲು ಆಗುತ್ತಿರಲಿಲ್ಲ. ಅನ್ನದ ಅಗುಳು ಬಾಯಿಯ ಮೂಲೆಯಿಂದ ಜಾರುತ್ತಿತ್ತು. ಹಲ್ಲು ತಾಗಿದರೆ ರಕ್ತ. ಬಾಯಿ ತೆರೆದರೆ ವಾಸನೆ. ಅವನು ಹೆಗಲಿನ ಬೈರಾಸು ವಸ್ತ್ರವನ್ನು ಕೆನ್ನೆಗೆ ಒತ್ತಿಕೊಂಡು ಮಾತಾಡಲು ಶುರುಮಾಡಿದ. ಅಕ್ಕನ ಮಗ ಸಂಕಪ್ಪನನ್ನು ಕರೆಯಲು ಹೋದರೆ ಶಂಕಪ್ಪ ಎಂದು ಬರುತ್ತಿತ್ತು. ಒಂದು ದಿನ ಗುತ್ತಿಗಾರು ಪೇಟೆಯ ಹೋಟೆಲಿನಲ್ಲಿ ಯಾರೋ ಅದನ್ನು ಹಾಗೆಯೇ ಆಡಿ ತೋರಿಸಿದರು, ಉಳಿದವರು ನಕ್ಕರು. ಪದ್ಮಯ್ಯ ಅರ್ಧ ಕುಡಿದ ಚಾ ಬಿಟ್ಟು ಮನೆಗೆ ಬಂದು, ಅಂದಿನಿಂದ ಪೇಟೆಗೆ ಹೋಗುವುದನ್ನೇ ನಿಲ್ಲಿಸಿದ. ಕೇಳಿದವರಿಗೆ ಹಲ್ಲುನೋವು ಅಂದ.

ಕಡಬದಲ್ಲಿ ಮೇದಪ್ಪ ಎಂಬ ನಾಟಿವೈದ್ಯನೊಬ್ಬನಿದ್ದ. ಬೇರು ನಾರು ಅರೆದು ಕೊಡುವವನು. ಪದ್ಮಯ್ಯ ಯಾರಿಗೂ ಹೇಳದೆ ಅವನಲ್ಲಿಗೆ ಹೋಗಿ ಬಂದ. ಮದ್ದು ಕಟ್ಟಿಕೊಂಡು ಬಂದದ್ದನ್ನು ನೋಡಿಯೇ ಪೂವಮ್ಮನಿಗೆ ವಿಷಯ ತಿಳಿದದ್ದು. ಆ ಮದ್ದಿನಿಂದ ಬಾಯಿ ಕಪ್ಪಾಯಿತೇ ಹೊರತು ಗಂಟು ಕರಗಲಿಲ್ಲ. ಮೂರನೆಯ ಸಲ ಹೋದಾಗ ಮೇದಪ್ಪ, "ಗೌಡ್ರೆ, ಇದು ನನ್ನ ಕೈಯಲ್ಲಿ ಆಗುವಂಥದ್ದಲ್ಲ. ಕತ್ತಿ ತಾಗದೆ ಹೋಗುದಿಲ್ಲ. ಪುತ್ತೂರಿಗೆ ಹೋಗಿ" ಎಂದ. ಪದ್ಮಯ್ಯ ಅವನ ತಾಯಿಯನ್ನೂ ಸೇರಿಸಿ ಬೈದು ಬಂದ. ಮನೆಗೆ ಬಂದು ಹೆಂಡತಿಯ ಹತ್ತಿರ, "ಆ ಕಳ್ಳ ನನ್ನ ಬಾಯಿಗೆ ಮಾಟ ಮಾಡಿದ್ದಾನೆ" ಎಂದ.

ಅಂಗಳ ಗುಡಿಸುತ್ತಿದ್ದ ಪೂವಮ್ಮ ಕೈಯಲ್ಲಿದ್ದ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿದಳು.

"ಬಾಯಿ ತೆಗೀರಿ, ನೋಡುವ" ಎಂದಳು.

ಅವನು ತೆರೆಯಲಿಲ್ಲ. ಅವಳು ಕಾದಳು. ಕೊನೆಗೆ ಬಿಸಿಲಿಗೆ ಮುಖ ಮಾಡಿ ತೆರೆದ. ಪೂವಮ್ಮ ನೋಡಿ, "ಶುಕ್ರವಾರ ಪುತ್ತೂರಿಗೆ ಹೋಗುವ" ಎಂದಳು.

"ನಿನಗೆ ಎಂತ ಗೊತ್ತುಂಟು? ಕೊರಡು."

"ಬೇಡದಿದ್ರೆ ಬೇಡ. ಕೊಳೀಲಿ" ಎಂದು ಅವಳು ಹಿಡಿಸೂಡಿ ಎತ್ತಿಕೊಂಡಳು.

ಶುಕ್ರವಾರ ಬೆಳಿಗ್ಗೆ ಅವನು ಇಸ್ತ್ರಿಯ ಅಂಗಿ ಹಾಕಿ, ಕೊಡೆ ಹಿಡಿದು ಜಗಲಿಯಲ್ಲಿ ಸಿದ್ಧನಾಗಿ ಕೂತಿದ್ದ.

ಸುಬ್ರಹ್ಮಣ್ಯದ ಕಡೆಯಿಂದ ಬಂದ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಪುತ್ತೂರಿನ ದರ್ಬೆಯಲ್ಲಿ ಇಳಿದರು. ಡಾಕ್ಟರ್ ಮಹಾಗಣಪತಿಯವರ ಆಸ್ಪತ್ರೆ ಅಲ್ಲೇ ರಸ್ತೆಯ ಬದಿಗೆ ಇತ್ತು. ಹಂಚಿನ ಮಾಡು, ನಾಲ್ಕು ಮಂಚ, ಡೆಟ್ಟಾಲಿನ ವಾಸನೆ. ಡಾಕ್ಟರು ಮದರಾಸಿನಲ್ಲಿ ಕಲಿತು ಬಂದವರು, ಒಣಕಲು ಆಳು, ಮಾತು ಇನ್ನೂ ಒಣಕಲು. ಪದ್ಮಯ್ಯ ಕುರ್ಚಿಯಲ್ಲಿ ಕೂತು, ತಾನು ಯಾರು, ತನ್ನ ಮನೆತನ ಎಂಥದ್ದು, ತಾನು ಕುಳಿತಲ್ಲಿ ಊರು ಹೇಗೆ ನಿಲ್ಲುತ್ತದೆ ಎಂದು ಶುರುಮಾಡಿದ.

"ಬಾಯಿ ತೆಗೀರಿ" ಎಂದರು ಡಾಕ್ಟರು.

"ಅದಲ್ಲ ಡಾಕ್ಟ್ರೆ, ನಾನು ಹೇಳುದು ಎಂತ ಅಂದ್ರೆ…"

"ನೀವು ಹೇಳುದು ನನಗೆ ಬೇಡ. ಒಳಗೆ ಎಂತ ಉಂಟು ಅಂತ ನೋಡ್ಬೇಕು. ತೆಗೀರಿ."

ಟಾರ್ಚು ಹಾಕಿ ನೋಡಿದರು, ಬೆರಳಿನಿಂದ ಒತ್ತಿದರು, ಗಂಟಲಿನ ಹೊರಗೆ ತಡವಿದರು. ಕೈ ತೊಳೆದುಕೊಂಡು ಬಂದು ಪದ್ಮಯ್ಯನ ಕಡೆ ನೋಡದೆ ಪೂವಮ್ಮನಿಗೆ ಹೇಳಿದರು: "ನಾಳೆ ಬೆಳಿಗ್ಗೆ ಕೊಯ್ದು ತೆಗೀತೇನೆ. ಕೆಟ್ಟದ್ದೋ ಅಲ್ವೋ ಅಂತ ಮಂಗಳೂರಿಗೆ ಕಳಿಸಿ ನೋಡಿಸ್ಬೇಕು. ನನಗೆ ಕಾಣುದು ಕೆಟ್ಟದ್ದಲ್ಲ ಅಂತ. ಆದ್ರೆ ಇನ್ನು ಹೊಗೆಸೊಪ್ಪು ಬಾಯಿಗೆ ಹಾಕಿದ್ರೆ ಇಲ್ಲಿಗೆ ಕರ್ಕೊಂಡು ಬರ್ಬೇಡಿ. ನೇರ ಸುಡ್ಲಿಕ್ಕೆ ಕೊಂಡೋಗಿ."

ಪದ್ಮಯ್ಯ ನಗಲು ನೋಡಿದ. ಇಂಥ ಮಾತನ್ನು ಆಡಿ ಅಭ್ಯಾಸವಿತ್ತು, ಕೇಳಿ ಅಭ್ಯಾಸವಿರಲಿಲ್ಲ.

ಮಧ್ಯಾಹ್ನ ಪೂವಮ್ಮ ಗಂಜಿ ತರಲು ಹೊರಗೆ ಹೋಗಿ ಬಂದಾಗ ಮಂಚ ಖಾಲಿಯಿತ್ತು. ನರ್ಸ್ ಊರ್ಮಿಳಾ, ಮಂಗಳೂರಿನ ಕಡೆಯ ಹುಡುಗಿ, "ನಿಮ್ಮ ಯಜಮಾನರು ಗಾಳಿಗೆ ಅಂತ ಹೊರಗೆ ಹೋದ್ರು" ಎಂದಳು. ಪೂವಮ್ಮ ಮಂಚದ ಕೆಳಗೆ ಬಗ್ಗಿ ನೋಡಿದಳು. ಚಪ್ಪಲಿ ಇರಲಿಲ್ಲ, ಕೊಡೆಯೂ ಇರಲಿಲ್ಲ. ಗಾಳಿಗೆ ಹೋಗುವವನಿಗೆ ಮೋಡವಿಲ್ಲದ ದಿನ ಕೊಡೆ ಎಂತಕ್ಕೆ? ಗಂಜಿಯ ತೂಕುಪಾತ್ರೆಯನ್ನು ಮಂಚದ ಮೇಲಿಟ್ಟು ಅವಳು ರಸ್ತೆಗೆ ಬಂದಳು.

ಸುಳ್ಯದ ಬಸ್ಸು ನಿಂತಿತ್ತು. ಕಂಡಕ್ಟರ್ ದಾರಿಯ ಊರುಗಳ ಹೆಸರು ಹಿಡಿದು ಕುಂಬ್ರ, ಜಾಲ್ಸೂರು ಎಂದು ಕೂಗುತ್ತಿದ್ದ. ಹಿಂದಿನ ಸೀಟಿನಲ್ಲಿ ಬೈರಾಸನ್ನು ತಲೆಯ ಮೇಲೆ ಮುಖ ಮುಚ್ಚುವ ಹಾಗೆ ಹೊದ್ದು ಒಬ್ಬ ಕೂತಿದ್ದ. ಇಪ್ಪತ್ತೈದು ವರ್ಷ ಬಟ್ಟೆ ಒಗೆದವಳಿಗೆ ಬೈರಾಸಿನ ಗುರುತು ಸಿಗದೆ ಇರುತ್ತದೆಯೇ? ಅವಳು ಬಸ್ಸು ಹತ್ತಿ ಅವನ ಪಕ್ಕದಲ್ಲಿ ಕೂತಳು.

"ಇಳೀರಿ" ಎಂದಳು.

ಅವನು ಕಿಟಕಿಯ ಕಡೆ ತಿರುಗಿಕೊಂಡ.

"ಇಳೀರಿ. ನಾಲ್ಕು ಜನ ನೋಡ್ತಾರೆ."

"ನನಗೆ ಹೆದರಿಕೆ ಆಗ್ತದೆ" ಎಂದ ಪದ್ಮಯ್ಯ, ಬೈರಾಸಿನ ಒಳಗಿಂದ. "ಕೊಯ್ಯುವಾಗ ರಕ್ತ ನಿಲ್ಲದಿದ್ರೆ? ನಾಲಿಗೆ ತುಂಡಾದ್ರೆ? ಮನೆಗೆ ಹೋಗುವ ಪೂವು. ಹರಕೆ ಹೇಳುವ."

ಮದುವೆಯಾದ ಮೊದಲ ವರ್ಷದ ನಂತರ ಅವನು ಅವಳನ್ನು ಹಾಗೆ ಕರೆದದ್ದು ಇದೇ ಮೊದಲು. ಬೇರೆ ಹೆಂಗಸಾಗಿದ್ದರೆ ಕರಗುತ್ತಿದ್ದಳೋ ಏನೋ. ಪೂವಮ್ಮನಿಗೆ ನೆನಪಾದದ್ದು ಬೇರೆಯೇ. ಚೊಚ್ಚಲು ಹೆರಿಗೆಯಲ್ಲಿ ಮಗು ಅಡ್ಡ ನಿಂತಿತ್ತು. ಎರಡು ಹಗಲು ಅವಳು ಒದ್ದಾಡಿದ್ದಳು. ಸೂಲಗಿತ್ತಿ ಕೈಚೆಲ್ಲಿ, ಗಾಡಿ ಕಟ್ಟಿಸಿ ಪುತ್ತೂರಿಗೆ ಕೊಂಡುಹೋಗಿ ಎಂದು ಅಂಗಲಾಚಿದ್ದಳು. ಪದ್ಮಯ್ಯ ಜಗಲಿಯಲ್ಲಿ ಕೂತು ನೆಂಟರಿಗೆ ಕೇಳುವ ಹಾಗೆ, "ನಾಯಿ ಹೆರುದಿಲ್ವಾ? ಹಂದಿ ಹೆರುದಿಲ್ವಾ? ಅವಕ್ಕೆಲ್ಲ ಪುತ್ತೂರಿನ ಡಾಕ್ಟ್ರಾ?" ಎಂದಿದ್ದ. ನೆಂಟರು ನಕ್ಕಿದ್ದರು. ಗೋಡೆಯ ಈಚೆಗೆ ಅವಳಿಗೆ ಆ ನಗೆ ಕೇಳಿಸಿತ್ತು. ಮಗು ಸತ್ತು ಹುಟ್ಟಿತು. ಮತ್ತೆ ಅವಳ ಹೊಟ್ಟೆಯಲ್ಲಿ ಯಾವುದೂ ನಿಲ್ಲಲಿಲ್ಲ.

ಅವಳು ಅದನ್ನು ಇಷ್ಟು ವರ್ಷ ಆಡಿರಲಿಲ್ಲ. ಈಗ ಆಡಿದಳು, ಪಕ್ಕದ ಸೀಟಿನವನಿಗೆ ಕೇಳದಷ್ಟು ಮೆತ್ತಗೆ.

"ನಾನು ಹೆರಿಗೆಯಲ್ಲಿ ಸಾಯುವಾಗ ನೀವು ನಾಯಿ ಹಂದಿಯ ಲೆಕ್ಕ ಹೇಳಿದ್ರಿ. ನೆನಪುಂಟಾ? ಒಂದು ನೆಲ್ಲಿಕಾಯಿಯಷ್ಟು ಗಂಟಿಗೆ ಈಗ ಬೈರಾಸು ಹೊದ್ದು ಓಡ್ತೀರಿ."

ಅವನು ಬೈರಾಸನ್ನು ಇನ್ನಷ್ಟು ಕೆಳಗೆಳೆದುಕೊಂಡ.

"ನಿಮ್ಮ ಮೇಲೆ ಪ್ರೀತಿಯಿಂದ ಕರೀತಿದ್ದೇನೆ ಅಂತ ತಿಳೀಬೇಡಿ. ನೀವು ಸತ್ರೆ ನಾನು ನಿಮ್ಮ ತಮ್ಮಂದಿರ ಜಗಲಿಯಲ್ಲಿ ಕೂತು ಉಣ್ಬೇಕು. ಅವರಿಗಿಂತ ನೀವು ಅಡ್ಡಿಯಿಲ್ಲ, ಅಷ್ಟೇ. ನೀವು ಇಳೀದಿದ್ರೆ ನಾನೂ ಇದೇ ಬಸ್ಸಲ್ಲಿ ಬರ್ತೇನೆ. ಗುತ್ತಿಗಾರಲ್ಲಿ ಇಳಿದು ಹೋಟೆಲಿನ ಎದುರು ನಿಂತು, ಗೌಡ್ರು ಆಸ್ಪತ್ರೆಯಿಂದ ಓಡಿ ಬಂದ್ರು ಅಂತ ಹೇಳ್ತೇನೆ."

ಪದ್ಮಯ್ಯ ಬೈರಾಸು ತೆಗೆದು ಅವಳನ್ನು ನೋಡಿದ. ಈ ಹೆಂಗಸು ಹಾಗೆ ಮಾಡಿಯೇ ಬಿಡುತ್ತಾಳೆ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ಕೊಡೆ ಹಿಡಿದುಕೊಂಡು ಇಳಿದ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಮಲಗಿಸಿದರೆ ಅವನು ಹಲ್ಲು ಕಚ್ಚಿ ಹಿಡಿದ. ಡಾಕ್ಟರು ಹೇಳಿದರು, ಊರ್ಮಿಳಾ ಹೇಳಿದಳು, ಬಾಯಿ ಬಿಡಲಿಲ್ಲ. ಜಗತ್ತಿನ ಯಾವ ವಿಷಯಕ್ಕೂ ಮುಚ್ಚಿಕೊಂಡಿರದಿದ್ದ ಬಾಯಿ. ಡಾಕ್ಟರು ಬೇಸತ್ತು ಬಾಗಿಲು ತೆರೆದು, "ಅಮ್ಮಾ, ನೀವೇ ಒಳಗೆ ಬನ್ನಿ. ನಿಮ್ಮ ಯಜಮಾನರ ಬಾಯಿ ತೆಗೆಸಿ ಕೊಡಿ. ನನಗೆ ಬೇರೆ ರೋಗಿಗಳಿದ್ದಾರೆ" ಎಂದರು.

ಪೂವಮ್ಮ ಒಳಗೆ ಬಂದು ಅವನ ತಲೆಯ ಹಿಂದೆ ನಿಂತಳು. ಹಸುವಿಗೆ ಬಿದಿರಿನ ಗೊಟ್ಟದಲ್ಲಿ ಮದ್ದು ಹಾಕುವಾಗ ಹಿಡಿಯುವ ಹಾಗೆ ದವಡೆ ಹಿಡಿದು, "ತೆಗೀರಿ" ಎಂದಳು. ಬಾಯಿ ತೆರೆಯಿತು. ಊರ್ಮಿಳಾ ಹಲ್ಲಿನ ನಡುವೆ ಒಂದು ಮರದ ತುಂಡು ಇಟ್ಟಳು. ಡಾಕ್ಟರು ಕೆನ್ನೆಯ ಒಳಗೆ ಎರಡು ಮೂರು ಕಡೆ ಸೂಜಿ ಚುಚ್ಚಿ, ಮರಗಟ್ಟುವ ತನಕ ಕಾದರು. ಪದ್ಮಯ್ಯನ ಕಣ್ಣಿನಿಂದ ನೀರು ಎರಡೂ ಕಿವಿಗಳ ಕಡೆ ಹರಿಯುತ್ತಿತ್ತು. ಇನ್ನೂ ಕೊಯ್ಯಲು ಶುರುಮಾಡಿರಲಿಲ್ಲ.

ತಲೆಯ ಮೇಲಿನ ದೀಪದ ಬೆಳಕಿನಲ್ಲಿ ಪೂವಮ್ಮನಿಗೆ ಆ ಬಾಯಿ ಪೂರ್ತಿ ಕಂಡಿತು. ಕರೆಗಟ್ಟಿದ ಹಲ್ಲುಗಳು, ಎರಡು ಕಡೆ ಸಂದು, ಬಿಳಿ ಪೊರೆ ಕಟ್ಟಿದ ನಾಲಿಗೆ. ಇಷ್ಟು ವರ್ಷ ಮನೆಯನ್ನೂ ಊರನ್ನೂ ಆಳಿದ್ದು ಇದೇ ಎಂದು ನಂಬುವುದು ಕಷ್ಟವಾಯಿತು. ಕೊಟ್ಟಿಗೆಯಲ್ಲಿ ಮುದಿ ಎತ್ತಿನ ಬಾಯಿ ಇದಕ್ಕಿಂತ ಚೊಕ್ಕವಾಗಿರುತ್ತದೆ. ಇದಕ್ಕೆ ಹೆದರಿ ತಾನು ಎಷ್ಟು ಸಲ ಹಿತ್ತಿಲಿಗೆ ಹೋಗಿ ಅತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಡಾಕ್ಟರ ಕೈ ಚುರುಕಾಗಿತ್ತು. ಗಂಟಿನ ಬುಡವನ್ನು ಸುತ್ತ ಕೊಯ್ದರು, ಊರ್ಮಿಳಾ ಹತ್ತಿಬಟ್ಟೆಯಿಂದ ರಕ್ತ ಒತ್ತಿದಳು, ಆಮೇಲೆ ಹೊಲಿಗೆ. ಪದ್ಮಯ್ಯ ಉದ್ದಕ್ಕೂ ಗಂಟಲಿನಿಂದ ಕರುವಿನ ಹಾಗೆ ಒಂದು ಸ್ವರ ಹೊರಡಿಸುತ್ತಿದ್ದ. ಹೊಲಿಗೆಯ ಹೊತ್ತಿಗೆ ಉಟ್ಟ ಪಂಚೆಯೂ ಒದ್ದೆಯಾಯಿತು. ಊರ್ಮಿಳಾ ನೋಡದ ಹಾಗೆ ಮಾಡಿದಳು. ಪೂವಮ್ಮ ನೋಡಿದಳು.

ಕೊಯ್ದು ತೆಗೆದದ್ದನ್ನು ಬಾಟ್ಲಿಗೆ ಹಾಕುವ ಮೊದಲು ಡಾಕ್ಟರು ಬಸಿಯಲ್ಲಿಟ್ಟು ತೋರಿಸಿದರು. ಮಾಂಸದ ಒಂದು ಬಿಳಿಚು ತುಂಡು, ಹಲಸಿನ ಬೇಳೆಯಷ್ಟು.

"ಇಷ್ಟೇಯಾ?" ಎಂದಳು ಪೂವಮ್ಮ.

"ಇಷ್ಟೇ" ಎಂದರು ಡಾಕ್ಟರು. "ಹೊಲಿಗೆ ತೆಗೆಯುವ ತನಕ ಮಾತಾಡ್ಬಾರ್ದು. ಒಂದು ಶಬ್ದವೂ ಬೇಡ. ಹರಿದ್ರೆ ಮತ್ತೆ ಹೊಲೀಬೇಕಾಗ್ತದೆ. ಆಗ ಮರಗಟ್ಟಿಸ್ಲಿಕ್ಕೆ ನನಗೆ ಪುರುಸೊತ್ತು ಇರ್ಲಿಕ್ಕಿಲ್ಲ."

ಪದ್ಮಯ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಮನೆಗೆ ಬಂದ ಮೇಲೆ ಅವನು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮಂಚದಲ್ಲಿ ಕೂತಿರುತ್ತಿದ್ದ. ತಿಳಿಗಂಜಿಯನ್ನು ಪೂವಮ್ಮ ಹಸುಗೂಸುಗಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಬಾಯಿಯ ಬಲಮೂಲೆಗೆ ಬಿಡುತ್ತಿದ್ದಳು. ಮನೆಯಲ್ಲಿ ಮಾತಿಲ್ಲ. ಕೆಲಸದವರು ಹಿತ್ತಿಲಲ್ಲಿ ಪದ ಹೇಳಿಕೊಂಡು ಭತ್ತ ಕುಟ್ಟಿದರು. ನೋಡಲು ಬಂದವರೆಲ್ಲ ಮುಖ ಸಣ್ಣದು ಮಾಡಿಕೊಂಡು ಅವನ ಎದುರು ಕೂತು, ಹೊರಗೆ ಬಂದು ಬೀಡಿ ಹಚ್ಚಿ, ಊರು ಎಷ್ಟು ತಣ್ಣಗುಂಟು ಮಾರಾಯ ಎಂದು ಮಾತಾಡಿಕೊಂಡರು. ಒಳಗೆ ಕೂತವನಿಗೆ ಎಲ್ಲವೂ ಕೇಳಿಸುತ್ತಿತ್ತು. ಕೊಯ್ದದ್ದು ಬಾಯಿಯನ್ನು, ಕಿವಿಯನ್ನಲ್ಲ.

ಆ ದಿನಗಳಲ್ಲಿಯೇ ಜತ್ತಪ್ಪ ಮತ್ತು ಸಂಕಪ್ಪ ಒಟ್ಟಿಗೆ ಬಂದರು. ಅವರ ಜಗಳ ಗದ್ದೆಗಳ ಪಕ್ಕ ಹರಿಯುವ ತೋಡಿನ ನೀರಿನದ್ದು. ಸಂಕಪ್ಪನ ಗದ್ದೆ ಮೇಲೆ, ಜತ್ತಪ್ಪನದ್ದು ಕೆಳಗೆ. ಸಂಕಪ್ಪ ತೋಡಿಗೆ ಅಡ್ಡ ಕಲ್ಲುಮಣ್ಣಿನ ಕಟ್ಟ ಹಾಕಿ ನೀರನ್ನೆಲ್ಲ ತನ್ನ ಕಡೆ ತಿರುಗಿಸಿದ್ದ. ಎರಡು ವರ್ಷದಿಂದ ಜತ್ತಪ್ಪನ ಸುಗ್ಗಿ ಬೆಳೆ ಒಣಗಿಹೋಗುತ್ತಿತ್ತು. ಸಂಕಪ್ಪ ಪದ್ಮಯ್ಯನ ಅಕ್ಕನ ಮಗ; ಪದ್ಮಯ್ಯನ ಪ್ರತಿ ಮಾತಿಗೂ ಮೊದಲು ನಗುವವನು, ಕಾಡಿನಲ್ಲಿ ಬೇಟೆ ಬಿದ್ದರೆ ಮಾಂಸದ ಪಾಲು ತಂದು ಕೊಡುವವನು. ಹೋದ ವರ್ಷ ಜತ್ತಪ್ಪ ಬಂದು ಕೇಳಿಕೊಂಡಾಗ ಪದ್ಮಯ್ಯ, "ನೀರು ಬೇಕಿದ್ರೆ ನಿನ್ನ ಗದ್ದೆಗೆ ನೀನೇ ಉಚ್ಚೆ ಹೊಯ್ಯಿ" ಎಂದು ಜಗಲಿ ತುಂಬ ನಗಿಸಿ ಕಳಿಸಿದ್ದ. ಜತ್ತಪ್ಪ ಆವತ್ತು ತಲೆ ತಗ್ಗಿಸಿಕೊಂಡು ಮೆಟ್ಟಲಿಳಿದು ಹೋದದ್ದನ್ನು ಪೂವಮ್ಮ ನೋಡಿದ್ದಳು. ಹೀಗಿರುವಾಗ ಮತ್ತೆ ಯಾಕೆ ಬಂದ ಎಂದರೆ, ಬೇರೆ ಹೋಗುವ ಜಾಗ ಇರಲಿಲ್ಲ.

ಇಬ್ಬರೂ ತಮ್ಮ ತಮ್ಮ ಮಾತು ಹೇಳಿದರು. ಜಗಲಿಯ ಕೆಳಗೆ ಇನ್ನೂ ಕೆಲವರು ಕೂತಿದ್ದರು. ಪದ್ಮಯ್ಯ ಜತ್ತಪ್ಪನ ಕಡೆ ಬೆರಳು ತೋರಿಸಿ, ಕೈಯನ್ನು ಅಂಗಳದ ಕಡೆ ಬೀಸಿದ. ಹೋಗು ಎಂದು ಅದರ ಅರ್ಥ.

ಬಾಗಿಲಿನಲ್ಲಿ ನಿಂತಿದ್ದ ಪೂವಮ್ಮನಿಗೆ ಮೊದಲೇ ಯೋಚನೆ ಇತ್ತೆಂದಲ್ಲ. ಆ ಬೀಸಿದ ಕೈ ನೋಡಿದಾಗ ಅವಳಿಗೆ ಸಾಕೆನಿಸಿತು.

"ಜತ್ತಪ್ಪಣ್ಣನ ಕಡೆಗೆ ನೀರು ಬಿಡ್ಬೇಕು ಅಂತಾರೆ" ಎಂದಳು.

ಪದ್ಮಯ್ಯ ತಿರುಗಿ ಅವಳನ್ನು ನೋಡಿದ. ಕಣ್ಣು ಅಗಲವಾಯಿತು. ಎರಡೂ ಕೈ ಜೋರಾಗಿ ಅಡ್ಡ ಆಡಿಸಿದ.

"ಆ ಕಟ್ಟ ಅಲ್ಲಿ ಇರ್ಲಿಕ್ಕೇ ಬಾರ್ದು ಅಂತೆ."

ಅವನು ಮಂಚದ ಹಲಗೆಗೆ ಮುಷ್ಟಿಯಿಂದ ಗುದ್ದಿದ.

"ಇವತ್ತೇ ತೆಗೀಬೇಕಂತೆ" ಎಂದಳು ಪೂವಮ್ಮ.

ಸಂಕಪ್ಪನ ಮುಖ ಬಿಳಿಚಿಕೊಂಡಿತು. "ಮಾವ, ನೀವು ಹೋದ ವರ್ಷ ಹಾಗೆ ಹೇಳಿರ್ಲಿಲ್ಲ ಅಲ್ವಾ" ಎಂದ.

ಪದ್ಮಯ್ಯ ಎದ್ದು ನಿಂತ. ಕೆನ್ನೆಯ ಬಟ್ಟೆ ಕೆಳಗೆಳೆದು ಏನೋ ಹೇಳಲು ಹೋದ. ಬಂದದ್ದು ಒಂದು ಬುಳುಬುಳು ಸದ್ದು. ಅದರ ಹಿಂದೆಯೇ ತುಟಿಯ ಮೂಲೆಯಿಂದ ರಕ್ತ ಗಲ್ಲಕ್ಕೆ ಇಳಿಯಿತು. ಡಾಕ್ಟರ ಮಾತು ನೆನಪಾಗಿರಬೇಕು, ಎರಡೂ ಕೈ ಬಾಯಿಗೆ ಒತ್ತಿ ಕುಸಿದು ಕೂತ.

ಸಂಕಪ್ಪ ಓಡಿಬಂದು ಅವನ ಕಾಲು ಹಿಡಿದುಕೊಂಡ. "ಬೇಡ ಮಾವ, ನೀವು ಮಾತಾಡ್ಬೇಡಿ. ಇಷ್ಟು ಸಿಟ್ಟು ಮಾಡ್ಬೇಡಿ. ತೆಗೀತೇನೆ, ಈಗಲೇ ಹೋಗಿ ತೆಗೀತೇನೆ."

ಕೆಳಗೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನ್ಯಾಯಕ್ಕಾಗಿ ಬಾಯಿಂದ ರಕ್ತ ಸುರಿಸಿದ ಮನುಷ್ಯ. ಸ್ವಂತ ಅಳಿಯ ಎಂದು ಕೂಡ ನೋಡಲಿಲ್ಲ. ಸಂಜೆಯಾಗುವುದರೊಳಗೆ ಈ ಮಾತು ಗುತ್ತಿಗಾರು ಪೇಟೆಗೆ ಹೋಯಿತು, ಅಲ್ಲಿಂದ ಬಸ್ಸು ಹತ್ತಿ ಸುಬ್ರಹ್ಮಣ್ಯಕ್ಕೂ ಹೋಯಿತು. ಸಂಜೆಯೊಳಗೆ ಸಂಕಪ್ಪ ಕಟ್ಟವನ್ನೂ ಕಿತ್ತಿದ್ದ.

ಹೊಲಿಗೆ ತೆಗೆಸಲು ಅವರು ಮತ್ತೆ ಪುತ್ತೂರಿಗೆ ಹೋದರು. ಮಂಗಳೂರಿನಿಂದ ಉತ್ತರ ಬಂದಿತ್ತು, ಕೆಟ್ಟದ್ದಲ್ಲವಂತೆ. "ಅದೃಷ್ಟವಂತ" ಎಂದರು ಡಾಕ್ಟರು, ಅದರಲ್ಲಿ ತಮಗೆ ವಿಶೇಷ ಸಂತೋಷವೇನೂ ಇಲ್ಲವೆಂಬ ಹಾಗೆ. "ಇನ್ನು ಮಾತಾಡ್ಬಹುದು."

ಬಸ್ಸಿನಲ್ಲಿ ಜನರಿದ್ದರು, ಪದ್ಮಯ್ಯ ತಡೆದುಕೊಂಡ. ಮನೆಯ ಮೆಟ್ಟಲು ಹತ್ತಿದ್ದೇ ತಡ, ಕೂಡಿಟ್ಟದ್ದೆಲ್ಲ ಹೊರಬಂತು. ಅವಳ ಅಪ್ಪ, ಅಮ್ಮ, ಅವಳು ಹುಟ್ಟಿದ ಮನೆ, ಅವಳ ಬಂಜೆ ಹೊಟ್ಟೆ, ಯಾವುದನ್ನೂ ಬಿಡಲಿಲ್ಲ. ಪೂವಮ್ಮ ಚೀಲ ಕೆಳಗಿಟ್ಟು ಕಾಲು ತೊಳೆದುಕೊಂಡು ಬಂದಳು. ಅವನು ಉಸಿರು ತೆಗೆಯಲು ನಿಲ್ಲಿಸಿದಾಗ ಹೇಳಿದಳು:

"ಹೋಗಿ ಹೇಳಿ. ಪೇಟೆಯಲ್ಲಿ ನಿಂತು ಹೇಳಿ. ಅದು ನನ್ನ ಮಾತಲ್ಲ, ನನ್ನ ಹೆಂಡತಿ ಹೇಳಿದ್ದು, ನಾನು ಪಕ್ಕದಲ್ಲಿ ಗೊಂಬೆಯ ಹಾಗೆ ಕೂತಿದ್ದೆ, ನಿಮಗೆ ಯಾರಿಗೂ ಗೊತ್ತಾಗ್ಲಿಲ್ಲ ಅಂತ. ಕೊಡೆ ಬಾಗಿಲ ಹಿಂದೆ ಉಂಟು."

ಅವನು ಹೋಗಿ ಮಂಚದಲ್ಲಿ ಕೂತ.

ಹಾಗೆ ಕೂತಿರುವಾಗಲೇ ಜತ್ತಪ್ಪ ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಹೆಗಲಿನಲ್ಲಿ ಕದಳಿ ಬಾಳೆಗೊನೆ. ಅದನ್ನು ಮಂಚದ ಬುಡದಲ್ಲಿ ಇಳಿಸಿ ಕೈಮುಗಿದ. "ಗೌಡ್ರೆ, ನಾನು ನಿಮ್ಮನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೇನೆ ಅಂತ ದೇವರಿಗೇ ಗೊತ್ತು. ಕ್ಷಮಿಸ್ಬೇಕು. ಇಂಥ ನ್ಯಾಯ ನಮ್ಮ ಸೀಮೆಯಲ್ಲಿ ಯಾರೂ ಕೊಟ್ಟದ್ದಿಲ್ಲ."

ಪದ್ಮಯ್ಯ ಬಾಳೆಗೊನೆ ನೋಡಿದ, ಮುಗಿದ ಕೈ ನೋಡಿದ, ಹಿಂದೆ ನಿಂತವರನ್ನು ನೋಡಿದ. ಒಂದು ಕ್ಷಣ ಬಾಗಿಲಿನ ಕಡೆಗೂ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ನಾನು ಮೊದಲಿಂದ ಹೇಳ್ತಾ ಇದ್ದೆ" ಎಂದ. "ನೀರು ಯಾರ ಅಪ್ಪನದ್ದೂ ಅಲ್ಲ. ಅಳಿಯ ಆದ್ರೆ ಎಂತ, ಮಗ ಆದ್ರೆ ಎಂತ. ಪ್ರಾಣ ಹೋದ್ರೂ ಹೇಳುದನ್ನು ಹೇಳ್ಲೇಬೇಕು ಅಂತ ಆವತ್ತು ಬಾಯಿ ಹರಿದುಕೊಂಡೆ ನೋಡು."

ಪೂವಮ್ಮ ಹೊರಗಿನವರಿಗೆ ಮಜ್ಜಿಗೆ ತರಲು ಒಳಗೆ ಹೋದಳು. ಅವಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎಂಜಲೆಲೆಯ ಮೇಲೆ ಕಾಗೆ ಕೂತದ್ದನ್ನು ನೋಡಿದರೆ ಸಿಟ್ಟು ಬರುತ್ತದೆಯೇ?

ಹಿತ್ತಿಲ ಬಾಗಿಲಲ್ಲಿ ಜತ್ತಪ್ಪನ ಹೆಂಡತಿ ದುಗ್ಗಮ್ಮ ನಿಂತಿದ್ದಳು. ಸೆರಗಿನಲ್ಲಿ ನಾಲ್ಕು ಹಾಗಲಕಾಯಿ ಕಟ್ಟಿಕೊಂಡು ಬಂದಿದ್ದಳು. ಅದನ್ನು ಕೊಟ್ಟು, ಸ್ವರ ತಗ್ಗಿಸಿ, "ಪೂವಕ್ಕ, ಅದು ಗೌಡ್ರ ಮಾತಲ್ಲ ಅಂತ ನನಗೆ ಗೊತ್ತುಂಟು" ಎಂದಳು.

"ಗೊತ್ತಿದ್ರೆ ಬಾಯಿ ಮುಚ್ಚಿಕೊಂಡಿರು."

"ನಮ್ಮವರಿಗೆ ಹೇಳ್ಲಿಲ್ಲ. ಹೇಳುದೂ ಇಲ್ಲ. ಆದ್ರೆ ಹೊಗಳಿಕೆ ಎಲ್ಲ ಅವರಿಗೆ ಹೋಯ್ತಲ್ಲ ಅಕ್ಕ."

"ಹೋಗ್ಲಿ. ಅವರಿಗೆ ಹೊಗಳಿಕೆ ಸಿಕ್ಕಿದ್ರೆ ಸಾಕು, ಯಾರು ಮಾಡಿದ್ದಕ್ಕೆ ಅಂತ ಕೇಳುವ ಜಾತಿ ಅಲ್ಲ. ನಿಮಗೆ ನೀರು ಬಂತಾ ಇಲ್ವಾ?"

"ಬಂತು."

"ಮತ್ತೆ ಎಂತ?"

ದುಗ್ಗಮ್ಮ ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಷ್ಟು ನೋವು ತಿಂದ್ರಲ್ಲ ಪಾಪ. ನಿಮಗೆ ಅವರ ಮೇಲೆ ಕನಿಕರ ಬರುದಿಲ್ವಾ?"

ಪೂವಮ್ಮ ಮಜ್ಜಿಗೆಗೆ ಉಪ್ಪು ಹಾಕುತ್ತ ಯೋಚಿಸಿದಳು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಅವಳಿಗೆ ಅನಿಸಿತ್ತು.

"ಗಂಜಿ ಕುಡಿಸುವಾಗ ಒಂದು ದಿನ ಬಂತು" ಎಂದಳು. "ಮಾತಾಡ್ಲಿಕ್ಕೆ ಶುರುಮಾಡಿದ ಮೇಲೆ ಹೋಯ್ತು."

ಮಳೆಗಾಲ ಹಿಡಿಯುವ ಹೊತ್ತಿಗೆ ಪದ್ಮಯ್ಯ ಮತ್ತೆ ಪೇಟೆಗೆ ಹೋಗತೊಡಗಿದ. ಹೋಟೆಲಿನಲ್ಲಿ ಕೂತು ಆಪರೇಶನ್ನಿನ ಕತೆ ಹೇಳುತ್ತಿದ್ದ. ಮರಗಟ್ಟಿಸುವ ಮದ್ದು ಬೇಡ, ಹಾಗೆಯೇ ಕೊಯ್ಯಿ ಎಂದು ತಾನು ಡಾಕ್ಟರಿಗೆ ಹೇಳಿದ್ದೆನೆಂದೂ, ಡಾಕ್ಟರ ಕೈ ನಡುಗಿತೆಂದೂ, ಇಂಥ ಗಂಡಸನ್ನು ಮದರಾಸಿನಲ್ಲಿಯೂ ನೋಡಲಿಲ್ಲ ಎಂದು ಅವರು ಹೇಳಿದರೆಂದೂ ಹೇಳುತ್ತಿದ್ದ. ಒಮ್ಮೆ ಯಾರೋ ಮನೆಗೆ ಬಂದಾಗ ಪೂವಮ್ಮನನ್ನೇ, "ಹೌದಾ ಅಮ್ಮ, ನೀವು ಅಲ್ಲೇ ಇದ್ರಂತಲ್ಲ?" ಎಂದು ಕೇಳಿದರು. ಪದ್ಮಯ್ಯನ ಕೈ ವೀಳ್ಯದ ತಟ್ಟೆಯ ಮೇಲೆ ಹಾಗೆಯೇ ನಿಂತಿತು. ಪೂವಮ್ಮ, "ಇದ್ದೆ" ಎಂದಷ್ಟೇ ಹೇಳಿ ಅವನ ಮುಖವನ್ನೇ ನೋಡಿದಳು, ಅವನು ಕಣ್ಣು ಬೇರೆ ಕಡೆ ತಿರುಗಿಸುವ ತನಕ. ಅದರ ನಂತರ ಅವನು ಅವಳನ್ನು ಕೊರಡು ಎಂದು ಕರೆಯಲಿಲ್ಲ. ಬಂಜೆ ಎಂದೂ ಅನ್ನಲಿಲ್ಲ. ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ, "ಇವಳೇ" ಅನ್ನತೊಡಗಿದ.

ಮುಂದಿನ ಸುಗ್ಗಿಗೆ ಇನ್ನೊಂದು ಜಗಳ ಬಂತು, ಬೇಲಿ ಸರಿಸಿದ್ದರ ಬಗ್ಗೆ. ಹಿಂದಿನ ತೀರ್ಪಿನ ಹೆಸರು ಕೇಳಿಕೊಂಡು ಕಡಬದ ಕಡೆಯಿಂದ ಬಂದವರು. ಜಗಲಿ ತುಂಬಿತ್ತು. ಎರಡೂ ಕಡೆಯವರು ಹೇಳಿ ಮುಗಿಸಿ ಸುಮ್ಮನಾದರು, ಎಲ್ಲರ ಕಣ್ಣು ಪದ್ಮಯ್ಯನ ಮೇಲೆ. ತಮಾಷೆ ಮಾಡಿ ಕಳಿಸುವ ಹಾಗಿರಲಿಲ್ಲ, ಈಗ ಅವನಿಗೆ ನ್ಯಾಯವಂತ ಎಂಬ ಹೆಸರು ಬಂದುಬಿಟ್ಟಿತ್ತು. ಅವನು ಒಂದು ಸಲ ಕೆಮ್ಮಿದ. ಇನ್ನೊಂದು ಸಲ ಕೆಮ್ಮಿದ. ಆಮೇಲೆ ಮೆಲ್ಲಗೆ ಕುತ್ತಿಗೆ ತಿರುಗಿಸಿ ಅಡುಗೆಮನೆಯ ಬಾಗಿಲಿನ ಕಡೆ ನೋಡಿದ.

ಪೂವಮ್ಮ ಅಲ್ಲಿ ನಿಂತಿದ್ದಳು. ಯಾವ ಕಡೆ ಸರಿ, ಯಾವ ಕಡೆ ತಪ್ಪು ಎಂದು ಅವಳಿಗೆ ಅರ್ಧ ಕೇಳುವಾಗಲೇ ತಿಳಿದಿತ್ತು.

"ನೀವೇ ಹೇಳಿ" ಎಂದಳು. "ಬಾಯಿ ಸರಿ ಆಗಿದೆಯಲ್ಲ."

ಹೇಳಿ, ಕರುವಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದಳು.